ರೇಡಿಯೋ ಅಲ್ಲಪ್ಪ, ಅವನು

ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಡೀಸೆಲ್, ಅದರೊಳಗೇ ಬೆರೆತ ಅಪ್ಪನ ಅಂಗಿಯ ಬೆವರು... ಅವಳ ಬಾಲ್ಯಕ್ಕೆ ಒಂದು ವಾಸನೆ ಇದ್ದರೆ ಅದು ಇದೇ.

ಅಪ್ಪ ಬಸ್ ಓಡಿಸುತ್ತಿದ್ದರು. ಶಾಲೆಗೆ ರಜೆ ಬಂತೆಂದರೆ ಅವಳು ಅಪ್ಪನ ಪಕ್ಕ, ಎಂಜಿನ್ ಮುಚ್ಚಳದ ಮೇಲೆ ಮಡಿಚಿದ ಟವೆಲ್ ಹಾಸಿಕೊಂಡು ಕೂರುತ್ತಿದ್ದಳು. ಎದುರಿಗೆ ಒಂದು ಕೋಳಿ ಬಂದರೂ ಸಾಕು, ಕೈ ಚಾಚಿ ಹಾರ್ನ್ ಒತ್ತುವುದು! ಅದಕ್ಕೇ ಅಪ್ಪ ಅವಳಿಗಿಟ್ಟ ಹೆಸರು ‘ಹಾರ್ನು’.

ಇಂದು, ಓದಲು ಬಂದ ಈ ಪರದೇಶದ ನಗರದಲ್ಲಿ, ತನ್ನನ್ನು ನೋಡಲು ಬಂದ ಅಪ್ಪ ಅಮ್ಮನೊಂದಿಗೆ ಹತ್ತುತ್ತಿದ್ದ, ಊರು ತೋರಿಸುವ ಬಸ್ಸಿನ ಮೆಟ್ಟಿಲ ಮೇಲೆ ಅದೇ ವಾಸನೆ ಮೂಗಿಗೆ ಬಡಿಯಿತು. ಅವಳ ಮುಖ ಅರಳಿತು.

"ಟಿಕೆಟ್ ತೋರಿಸಿ, ಮೇಡಂ."

ಅರಳಿದ ಮುಖ ಹಾಗೇ ಬಾಡಿತು. ಅದೇ ದನಿ! ತಲೆಯೆತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ.

ಮೇಡಂ ಅಂತೆ... ಮೂರು ತಿಂಗಳ ಹಿಂದೆ ‘ಏ ಮಾರಾಯ್ತಿ, ಊಟ ಮಾಡಿದ್ಯಾ?’ ಎನ್ನುತ್ತಿದ್ದವನು!

ಅವನು ಬೆಳಗಿನ ಬಸ್ಸಿನ ಗೈಡ್ ಎಂದು ಗೊತ್ತಿದ್ದೇ ಅವಳು ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ಮಾಡಿಸಿದ್ದಳು. ಇಂದೇ ಅವನು ಯಾರಿಗೋ ಬದಲಿಗೆ ಬಂದಿರಬೇಕೆ?

"ನಡಿಯೇ ಹಾರ್ನು, ಹಿಂದೆ ಜನ ನಿಂತಿದಾರೆ," ಎಂದು ಅಪ್ಪ ಬೆನ್ನಿಗೆ ಮೆಲ್ಲನೆ ತಟ್ಟಿದರು.

ಅಪ್ಪ ಒಳಗೆ ಬಂದವರೇ ಡ್ರೈವರನ ಹಿಂದಿನ ಸೀಟನ್ನು ಹಿಡಿದರು. ಅಮ್ಮ ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತರು. ಚೀಲದಲ್ಲಿದ್ದದ್ದು ನಾಲ್ಕು ಡಬ್ಬಿ.

"ಅಮ್ಮ, ನಾವು ಮೂರೇ ಜನ ಅಲ್ವಾ?"

"ಇನ್ನೊಂದು ಕಂಡಕ್ಟರ್‌ಗೆ."

"ಇಲ್ಲಿ ಹಾಗೆಲ್ಲ ಕೊಡಲ್ಲಮ್ಮ!"

"ಯಾಕೆ, ಇಲ್ಲಿಯವರಿಗೆ ಹೊಟ್ಟೆ ಇರಲ್ವಾ?"

ಮದುವೆಯಾದಾಗಿನಿಂದ ಅಮ್ಮ ಕಂಡಕ್ಟರನ ಪಾಲನ್ನೂ ಸೇರಿಸಿಯೇ ಬುತ್ತಿ ಕಟ್ಟಿದವರು. ಆದರೆ ಆ ಡಬ್ಬಿಯನ್ನು ಕೊಡುವುದು ಅಪ್ಪನ ಕೈ, ಅಪ್ಪನ ಮನಸ್ಸು. ಕಂಡಕ್ಟರನ ಮೇಲೆ ಸಿಟ್ಟಿದ್ದ ದಿನ ಡಬ್ಬಿ ತುಂಬಿದ್ದಂತೆಯೇ ಮನೆಗೆ ಮರಳುತ್ತಿತ್ತು. ಅಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿಯೇ ಅಂದಿನ ಕಥೆ ತಿಳಿದುಕೊಳ್ಳುತ್ತಿದ್ದರು.

ಬಸ್ ಹೊರಟಿತು. ಅವನು ಮೈಕ್ ಕೈಗೆತ್ತಿಕೊಂಡ. ರಜೆಯ ತಿಂಗಳಲ್ಲಿ ಓದುವ ಮಕ್ಕಳನ್ನು ನೋಡಲು ಹೆತ್ತವರು ಬರುತ್ತಾರೆಂದು ನಮ್ಮ ಮಾತಿನಲ್ಲೇ ಊರು ತೋರಿಸುವ ಬಸ್ಸು ಅದು.

ಅವಳು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅವನು ಮುಂದೆ ಏನು ಹೇಳುತ್ತಾನೆ ಎಂಬುದು ಅವಳಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು.

ಅಪ್ಪನಿಗೂ ಗೊತ್ತಿತ್ತು... ಅದೇ ಅವಳ ಭಯ!

ಅವಳನ್ನು ಓದಲು ಕಳಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ನಾನು ಆಯುಸ್ಸೆಲ್ಲ ಒಂದೇ ರೂಟಲ್ಲಿ ಓಡಾಡಿದೋನು. ನೋಡೋ ಅಂಥ ಜಾಗದಲ್ಲೆಲ್ಲ ಜನರನ್ನ ಇಳಿಸ್ತಿದ್ದೆ, ನಾನು ಸೀಟು ಬಿಟ್ಟು ಇಳೀಲಿಲ್ಲ. ನೀನು ಎಲ್ಲಾ ನೋಡು. ನೋಡಿ ನನಗೆ ಹೇಳು."

ನೋಡಲು ಅವಳಿಗೆ ಪುರುಸೊತ್ತೆಲ್ಲಿತ್ತು? ಕೊಳಚೆ ನೀರನ್ನು ಕುಡಿಯುವ ನೀರಾಗಿಸುವುದು ಅವಳ ಸಂಶೋಧನೆ. ಪ್ರಯೋಗಶಾಲೆಯ ತೊಟ್ಟಿಗಳಿಗೆ ಭಾನುವಾರವೆಂಬುದು ತಿಳಿಯದು. ಆದರೆ ಪ್ರತಿ ಭಾನುವಾರ ಅಪ್ಪನ ಫೋನು ಬರುತ್ತಿತ್ತು. "ಇವತ್ತು ಎಲ್ಲಿಗೆ ಹೋಗಿದ್ದೆ?"

‘ಎಲ್ಲಿಗೂ ಇಲ್ಲಪ್ಪ’ ಎನ್ನಲು ನಾಲಿಗೆ ಹೊರಳಲಿಲ್ಲ.

ಆಗ ಬಂದವನು ಇವನು. ಪಕ್ಕದ ವಿಭಾಗದಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಓದುತ್ತ, ಖರ್ಚಿಗೆಂದು ಗೈಡ್ ಕೆಲಸಕ್ಕೆ ಸೇರಿದ್ದ. ಸಂಜೆ ಅವಳ ಪ್ರಯೋಗಶಾಲೆಯಲ್ಲಿ ಬೋರಲು ಹಾಕಿದ ಬಕೆಟ್ ಮೇಲೆ ಕುಳಿತು, ನಾಳಿನ ಮಾತುಗಳನ್ನು ಅವಳ ಮುಂದೆ ಒಪ್ಪಿಸುತ್ತಿದ್ದ. ಅವಳು ತೊಟ್ಟಿ ಕಲಕುತ್ತ, "ಇದು ಉದ್ದ ಆಯ್ತು, ಜನ ಗೊರಕೆ ಹೊಡೀತಾರೆ," ಎಂದು ತಿದ್ದುತ್ತಿದ್ದಳು. ಹೋಗುವಾಗ ತನ್ನ ಊಟದಲ್ಲಿ ಅರ್ಧವನ್ನು ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದ, ಮರೆತವನಂತೆ.

ಭಾನುವಾರ ಅದೇ ಊರು, ಅದೇ ನಗೆಮಾತು, ಎಲ್ಲವೂ ಅಪ್ಪನ ಕಿವಿಗೆ... ತಾನೇ ನೋಡಿಬಂದಂತೆ.

ಒಮ್ಮೆ ಅಪ್ಪ ಕೇಳಿದ್ದರು, "ಹಿಂದೆ ಯಾರೋ ಗಂಡು ದನಿ ಕೇಳಿಸ್ತಿದೆಯಲ್ಲೇ?"

"ರೇಡಿಯೋ ಅಪ್ಪ."

ಬಕೆಟ್ ಮೇಲಿದ್ದವನು ಎದ್ದು ನಿಂತಿದ್ದ. "ಸರಿ. ರೇಡಿಯೋ ಆಫ್ ಮಾಡ್ತೀನಿ," ಎಂದಿದ್ದ. ಮತ್ತೆ ಬರಲಿಲ್ಲ. ಇವಳು ಮಾಡಿದ ಫೋನನ್ನೂ ಎತ್ತಲಿಲ್ಲ.

ಬಸ್ ಗಡಿಯಾರದ ಗೋಪುರದ ಬಳಿ ನಿಧಾನವಾಯಿತು.

"ಈ ಗಡಿಯಾರ ಯಾವಾಗಲೂ ಸ್ವಲ್ಪ ಹಿಂದೆ," ಎಂದನವನು. "ಇದನ್ನ ಕಟ್ಟಿಸಿದ ಧಣಿ ತನ್ನ ಮದುವೆಗೇ ತಡವಾಗಿ ಬಂದನಂತೆ. ಹೆಣ್ಣಿನ ಕಡೆಯವರು ಬಾಯಿಗೆ ಬಂದ ಹಾಗೆ ಬೈದರು. ಆಗ ಧಣಿ ಏನು ಮಾಡಿದ ಹೇಳಿ?"

"ಮುಳ್ಳನ್ನೇ ಹಿಂದಕ್ಕೆ ತಿರುಗಿಸಿಬಿಟ್ಟ!" ಮುಂದಿನ ಸೀಟಿನಿಂದ ಅಪ್ಪ ಕೂಗಿದರು.

ಬಸ್ಸೆಲ್ಲ ನಕ್ಕಿತು. ಅವನೊಬ್ಬ ನಗಲಿಲ್ಲ.

"ಇದು... ನಿಮಗೆ ಹೇಗೆ ಗೊತ್ತು ಸರ್?"

"ನಮ್ಮ ಮಗಳು ಹೇಳಿದಾಳಪ್ಪ! ಈ ಊರು ನನಗೆ ಬಾಯಿಪಾಠ."

ಅವನ ಕಣ್ಣು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿತು. ಅದರಲ್ಲಿ ಸಿಟ್ಟಿರಲಿಲ್ಲ. ಏನಿತ್ತು? ಅವಳಿಗೆ ತಿಳಿಯಲಿಲ್ಲ. ಬೇಡ ಎನ್ನುವಂತೆ ಅವಳು ತಲೆಯಲ್ಲಾಡಿಸಿದಳು. ಕಣ್ಣು ತುಂಬಿತ್ತು.

ಅವನಿಗೆ ಅರ್ಥವಾಯಿತು.

ಮುಂದಿನ ಸೇತುವೆಯ ಬಳಿ ಅವನು ಮಾತನ್ನೇ ಬದಲಿಸಿದ. ಹಳೆಯ ಕಥೆ ಇಲ್ಲ, ಹಳೆಯ ನಗೆಮಾತಿಲ್ಲ. ಒಣ ಕಲ್ಲು, ಒಣ ಇಸವಿ. ಹಿಂದಿನ ಸೀಟಿನಲ್ಲಿ ಒಬ್ಬರು ಆಕಳಿಸಿದರು. ತನ್ನನ್ನು ಉಳಿಸಲು ಇವನು ತನ್ನ ಹೆಸರನ್ನೇ ಕೆಡಿಸಿಕೊಳ್ಳುತ್ತಿದ್ದಾನೆ!

ಇನ್ನು ಕಾರಂಜಿ ಒಂದು ದಾಟಿಬಿಟ್ಟರೆ...

"ಇದು ಚೌಕದ ಕಾರಂಜಿ. ಮುಂದಕ್ಕೆ ಹೋಗೋಣ," ಎಂದ ಅವನು.

"ಏನಯ್ಯಾ ಮೈಕಪ್ಪ," ಎಂದ ಡ್ರೈವರ್, ಕನ್ನಡಿಯಲ್ಲಿ ನೋಡುತ್ತ, ಯಾವ ಕೆಟ್ಟ ಎಣಿಕೆಯೂ ಇಲ್ಲದೆ. "ನಿನ್ನ ಶೂ ಬಿದ್ದ ಕಥೆ ಎಲ್ಲಿ? ದಿನಾ ಹೇಳೋನು ಇವತ್ತೇನು ಮೌನವ್ರತ? ಕೇಳಿ ಯಜಮಾನ್ರೇ. ಮೊದಲನೇ ದಿನ ಇವನು ಬಗ್ಗಿ ಫೋಟೋ ತೆಗೆಯೋಕೆ ಹೋಗಿ, ಕಾಲಲ್ಲಿದ್ದ ಶೂನ ಕಾರಂಜಿಗೆ ಬೀಳಿಸಿದ. ಕಸ ಗುಡಿಸೋಳು ಪೊರಕೆ ಕೋಲಲ್ಲಿ ಎತ್ತಿಕೊಟ್ಟು, ‘ಎಲ್ಲರೂ ಕಾಸು ಹಾಕಿ ಬೇಡ್ಕೋತಾರೆ, ನೀನು ಶೂನೇ ಹಾಕಿದೀಯ, ನಿಂದು ಭಾರೀ ಆಸೆ ಇರಬೇಕು’ ಅಂದ್ಲಂತೆ!"

ಎಲ್ಲರೂ ನಕ್ಕರು. ಅಪ್ಪನ ನಗು ಮಾತ್ರ ಅರ್ಧಕ್ಕೇ ನಿಂತಿತು.

ಆ ಕಥೆಯೂ ಅವರಿಗೆ ಗೊತ್ತಿತ್ತು. ಆದರೆ ಅವರ ಕಥೆಯಲ್ಲಿ ನೀರಿಗೆ ಬಿದ್ದದ್ದು ಮಗಳ ಚಪ್ಪಲಿ.

ಕೆರೆಯ ದಂಡೆಯಲ್ಲಿ ಬಸ್ ನಿಂತಿತು. ಊಟದ ವೇಳೆ. ಜನರೆಲ್ಲ ಇಳಿದರು. ಅಪ್ಪ ಏಳಲಿಲ್ಲ.

"ಚಪ್ಪಲಿ ಯಾರದು?"

"ಅವನದು, ಅಪ್ಪ."

"ನೀನು ಆ ಕಾರಂಜಿ ನೋಡಿದ್ದು ಯಾವಾಗ?"

"ಈಗ... ನಿಮ್ಮ ಜೊತೆ. ಯಾವುದನ್ನೂ ನೋಡಿಲ್ಲಪ್ಪ. ಎಲ್ಲಾ ಅವನು ಹೇಳಿದ್ದು."

"ಡಿಪೋದಲ್ಲಿ ಒಬ್ಬರನ್ನೂ ಬಿಡದೆ ಹೇಳಿದೀನಿ ಕಣೇ. ನನ್ನ ಮಗಳು ಹಾಗೆ ನೋಡಿದಾಳೆ, ಹೀಗೆ ನೋಡಿದಾಳೆ ಅಂತ..." ಅಪ್ಪನ ದನಿ ಒಡೆಯಿತು. "ಅವತ್ತಿನ ರೇಡಿಯೋ ಇವನೇ ಏನು?"

ಅವಳು ಹೌದೆಂದು ತಲೆಯಾಡಿಸಿದಳು.

ಅಪ್ಪ ಇಳಿದುಹೋಗಿ ಮುಂದಿನ ಚಕ್ರದ ಬಳಿ ನಿಂತು ಅದನ್ನು ಕಾಲಿನಿಂದ ಒದ್ದು ನೋಡತೊಡಗಿದರು. ಮನಸ್ಸು ಕೆಟ್ಟಾಗ ಅವರು ಮಾಡುತ್ತಿದ್ದದ್ದು ಅದನ್ನೇ.

"ಅಮ್ಮಾ..."

ಅಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. "ಆ ಟೈರು ಗಟ್ಟಿಯಾಗಿದೆ, ಎಷ್ಟು ಒದೀತಾರೋ ಒದೀಲಿ. ಅವರನ್ನ ನಾನು ನೋಡ್ಕೋತೀನಿ. ನೀನು ಆ ಹುಡುಗನ ಹತ್ರ ಹೋಗು. ನಿನ್ನ ಮರ್ಯಾದೆ ಉಳಿಸೋಕೆ ಅಷ್ಟು ಜನರನ್ನ ಆಕಳಿಸೋ ಹಾಗೆ ಮಾಡಿದ, ಪಾಪ!"

ಅಮ್ಮನಿಗೆ ಎಲ್ಲವೂ ಕಂಡಿತ್ತು!

ಅವನು ದಂಡೆಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಕೈಯಲ್ಲಿ ಊಟವಿರಲಿಲ್ಲ. ಎರಡು ಬಸ್ಸುಗಳ ಕೆಲಸ ಒಬ್ಬನೇ ಮಾಡಿದರೆ ಊಟಕ್ಕೆ ಬಿಡುವೆಲ್ಲಿ?

"ಕ್ಷಮಿಸಿ," ಎಂದು ಎದ್ದು ನಿಂತ. "ಡ್ರೈವರಣ್ಣ ಹಾಗೆ ಹೇಳ್ತಾನೆ ಅಂತ ಗೊತ್ತಿರಲಿಲ್ಲ."

"ನನಗೆ ನೀವು ತಾವು ಅನ್ನಬೇಡ. ಬೈದರೂ ಪರವಾಗಿಲ್ಲ!"

ಅವನು ಕೆರೆಯ ಕಡೆ ನೋಡಿದ. "ನನ್ನ ಹೆಸರು ಹೇಳೋಕೆ ನಾಚಿಕೆ ಅಂದ್ಕೊಂಡಿದ್ದೆ. ಇವತ್ತು ನೋಡಿದ್ರೆ ನಿಮ್ಮಪ್ಪನಿಗೆ ನನ್ನ ಮಾತೆಲ್ಲ ಬಾಯಿಪಾಠ. ಒಂದನ್ನೂ ಬಿಟ್ಟಿಲ್ವಲ್ಲ?"

"ಒಂದನ್ನೂ ಬಿಟ್ಟಿಲ್ಲ. ಹೇಳಿದವನನ್ನ ಮಾತ್ರ ಬಿಟ್ಟೆ." ಅವಳು ಅವನ ಎದುರಿಗೆ ಬಂದು ನಿಂತಳು. "ನಾಚಿಕೆ ನಿನ್ನ ಬಗ್ಗೆ ಅಲ್ಲ ಕಣೋ, ನನ್ನ ಬಗ್ಗೆ. ನಿನ್ನ ಹೆಸರು ಹೇಳಿದ್ರೆ ಊರು ನೋಡಿದ್ದು ನಾನಲ್ಲ, ನೀನು ಅಂತ ಗೊತ್ತಾಗ್ತಿತ್ತು. ಅಪ್ಪ ಭಾನುವಾರಕ್ಕೆ ಅಂತ ವಾರವೆಲ್ಲ ಕಾಯ್ತಿದ್ರು..."

ಅವನು ಮತ್ತೆ ಕಟ್ಟೆಯ ಮೇಲೆ ಕುಳಿತ.

"ನೀನು ಬರೋದು ನಿಲ್ಲಿಸಿದ ಮೇಲೆ ಹೇಳೋಕೆ ಏನೂ ಉಳೀಲಿಲ್ಲ. ಹಳೇದನ್ನೇ ಮತ್ತೆ ಮತ್ತೆ ಹೇಳಿದೆ. ಆ ಬಕೆಟ್ ಇನ್ನೂ ಬೋರಲಾಗೇ ಇದೆ. ಯಾರನ್ನೂ ಅದರ ಮೇಲೆ ಕೂರಿಸಿಲ್ಲ."

"ನೀರು ಹಿಡಿಯೋಕೆ?"

"ಬೇರೆ ಬಕೆಟ್ ತಂದೆ."

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡ.

"ಅವತ್ತು ಶೂ ಹಾಕಿ ಏನು ಬೇಡ್ಕೊಂಡೆ ಅಂತ ನೀನು ಕೇಳಲೇ ಇಲ್ಲ."

"ಏನು?"

"ಹೊಸ ಊರು. ಮಾತಾಡೋಕೆ ಒಬ್ಬರಿರಲಿಲ್ಲ. ನನ್ನ ಮಾತು ಕೇಳೋರು ಒಬ್ಬರು ಸಿಗಲಿ ಅಂತ." ಅವನು ಮೆಲ್ಲಗೆ ಅಂದ, "ಸಿಕ್ಕಿದ್ಲು. ಅವರಪ್ಪನ್ನೂ ಸೇರಿಸಿಕೊಂಡು."

ಹಿಂದೆ ಹೆಜ್ಜೆಯ ಸದ್ದಾಯಿತು.

ಅಪ್ಪ! ಇಬ್ಬರೂ ಸೆಟೆದು ನಿಂತರು.

"ಅಪ್ಪ... ರೇಡಿಯೋ ಅಲ್ಲಪ್ಪ. ಇವನು... ನನಗೆ ಬೇಕಾದವನು."

ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಷ್ಟು ಹೊತ್ತು ನೋಡಿದರೋ! ಕೊನೆಗೆ ಮಗಳ ಕಡೆ ತಿರುಗಿದರು.

"ಆ ಕಾರಂಜಿ ಹತ್ರ ಈ ಬಸ್ಸು ವಾಪಸ್ ಹೋಗುತ್ತಾ?"

"ಹೋಗುತ್ತಪ್ಪ."

"ಅಲ್ಲಿ ಇಳೀಬೇಕು. ನಾನೂ, ನೀನೂ. ಸುಳ್ಳನ್ನ ಅಷ್ಟಾದರೂ ನಿಜ ಮಾಡೋಣ."

ಅವಳು ಬಿಕ್ಕುತ್ತ ಅಪ್ಪನ ತೋಳಿಗೆ ಹಣೆ ಒತ್ತಿದಳು. ಡೀಸೆಲ್ಲಿನ ವಾಸನೆ ಈಗ ಅಲ್ಲಿರಲಿಲ್ಲ. ಬೆವರು ಮಾತ್ರ ಅದೇ.

ಅಪ್ಪ ಇನ್ನೊಂದು ಕೈಯನ್ನು ಮುಂದೆ ಚಾಚಿದರು. ಅದರಲ್ಲಿ ನಾಲ್ಕನೆಯ ಡಬ್ಬಿಯಿತ್ತು. ಅದನ್ನು ಅವನ ಕೈಗಿಟ್ಟರು. ಅಮ್ಮ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದರು.