ಒಳಗಿಂದ ಬಡಿದ ಬಾಗಿಲು

ಬ್ಯಾರನ್ನಿನ ಬಾಗಿಲು ಹಾರುಹೊಡೆದಿತ್ತು. ಒಳಗೆ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳ ಮೇಲೆ, ಹುಡುಗ ಅಂಗಾತ ಬಿದ್ದಿದ್ದ.

ಎಎಸ್‌ಐ ಶಾಂತಕುಮಾರಿ ಹೊಸ್ತಿಲಲ್ಲೇ ನಿಂತು 'ಶಿವ ಶಿವಾ' ಎಂದರು. ಪೊಲೀಸ್ ಕೆಲಸದಲ್ಲಿ ತಲೆ ನರೆತಿತ್ತು. ಹೆಣ ಅವರಿಗೆ ಹೊಸದಲ್ಲ. ಆದರೆ ಈ ಹೆಣದ ಕಣ್ಣು ತೆರೆದೇ ಇತ್ತು. ಹೆದರಿಕೆ ಅದರೊಳಗೆ ಹಾಗೆಯೇ ಹೆಪ್ಪುಗಟ್ಟಿತ್ತು.

ಹುಡುಗನ ಹೆಸರು ಜಿತೇಂದ್ರ. ಚನ್ನರಾಯಪಟ್ಟಣದವನು. ಯೂಟ್ಯೂಬಿನಲ್ಲಿ ದೆವ್ವ ಹುಡುಕುವ ಚಾನೆಲ್ ನಡೆಸುತ್ತಿದ್ದ. ಮೈಮೇಲೆ ಕಪ್ಪು ಟೀ ಶರ್ಟು, ಎದೆಯ ತುಂಬ ಬಿಳಿಯ ತಲೆಬುರುಡೆಯ ಚಿತ್ರ. ಪಕ್ಕದಲ್ಲಿ ಬಿದಿರಿನ ಏಣಿ ಉರುಳಿತ್ತು. ಮೇಲಿನ ತೊಲೆಗೆ ಕಟ್ಟಿದ ಪುಟ್ಟ ಸ್ಪೀಕರೊಂದು ಇನ್ನೂ ತೂಗುತ್ತಿತ್ತು.

ಕೊಣನೂರಿನ ಆಚೆ ಹೊಗೆಸೊಪ್ಪು ಬೆಳೆಯುವವರಿಗೆ ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಕೋಣೆ. ಕಿಟಕಿಯಿಲ್ಲದ ಎತ್ತರದ ಗೋಡೆಗಳು. ಕೆಳಗೆ ಬಿಸಿ ಹರಿಸುವ ಕೊಳವೆಗಳು, ಮೇಲೆ ಎಲೆ ತೂಗುಹಾಕುವ ತೊಲೆಗಳು. ಅಗಳಿ ಇರುವುದು ಹೊರಗಡೆ ಮಾತ್ರ. ಬೆಳೆಗಾರ ಗೌರೀಶಂಕರರ ಈ ಬ್ಯಾರನ್ನಿನಲ್ಲಿ ಹಿಂದೊಮ್ಮೆ ಸೊಪ್ಪು ಬೇಯುತ್ತಿರುವಾಗಲೇ ಕೂಲಿ ಹುಡುಗಿ ಮಾನಸಾ ಸತ್ತಿದ್ದಳು. ಅಂದಿನಿಂದ ಅಲ್ಲಿ ಒಲೆ ಹೊತ್ತಿರಲಿಲ್ಲ. ಊರು ಅದಕ್ಕೆ ದೆವ್ವದ ಬ್ಯಾರನ್ ಎಂದು ಹೆಸರಿಟ್ಟಿತ್ತು.

"ಮೊದಲು ನೋಡಿದ್ದು ಯಾರು ಸಾರ್?" ಎಂದರು ಶಾಂತಕುಮಾರಿ.

ಎಸ್‌ಐ ಚಂದ್ರಮೌಳಿ ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವರು. "ಇಡೀ ತಾಲ್ಲೂಕೇ ನೋಡಿದೆ ಶಾಂತಮ್ಮನೋರೆ. ಲೈವ್ ಹೋಗ್ತಿತ್ತು," ಎಂದು ಫೋನ್ ಮುಂದೆ ಹಿಡಿದರು.

ಬಣ್ಣವಿಲ್ಲದ ಮಂಕು ಚಿತ್ರ. ಏಣಿಯ ತುದಿಯಲ್ಲಿ ಜಿತೇಂದ್ರ. ಬರೀ ಬಿಳಿ ಅಂಗಿ. ಕೈ ಚಾಚಿ ಹಿಡಿದ ಕ್ಯಾಮೆರಾ ಕಡೆ ಬಗ್ಗಿ ಪಿಸುಗುಡುತ್ತಿದ್ದ.

"ಮಾನಸಾ, ಇದ್ದೀಯಾ? ನಿನ್ನ ಸಾವಿಗೆ ಯಾರು ಕಾರಣ, ಇವತ್ತು ಹೆಸರು ಹೇಳ್ತೀನಿ ಅಂತ ನೀನೇ ಅಂದಿದ್ದೆ. ಇದ್ರೆ ಬಾಗಿಲು ಬಡಿ."

ದಬ, ದಬ, ದಬ. ಸದ್ದು ಮೇಲಿನಿಂದ ಬಂತು. ಅವನು ಮತ್ತೆ ಮತ್ತೆ ಕರೆದ. ಸದ್ದು ಮತ್ತೆ ಮತ್ತೆ ಬಂತು.

ಬಾಗಿಲು ತೆರೆಯಿತು. ಬಿಳಿ ಸೀರೆಯ ಹೆಂಗಸು. ಸೆರಗು ತಲೆಯ ಮೇಲೆ, ಬಾಯಿಗೂ ಅಡ್ಡ. ಕಂಡದ್ದು ಬೋಳು ಹಣೆ ಮತ್ತು ಬೆಕ್ಕಿನ ಕಣ್ಣಿನಂತೆ ಹೊಳೆಯುವ ಎರಡು ಕಣ್ಣು. ಅವಳು ತಲೆ ತಗ್ಗಿಸಿ ಬಾಗಿಲ ಹಿಂದೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ತಲೆಯೆತ್ತಿದಳು. ಜಿತೇಂದ್ರ ಕಿರುಚಿದ. ಅವಳು ಏಣಿಗೆ ಕೈ ಹಾಕಿ ಎಳೆದಳು. ಚಿತ್ರ ತಲೆಕೆಳಗಾಗಿ ಕತ್ತಲಾಯಿತು.

ಶಾಂತಕುಮಾರಿ ಫೋನನ್ನು ಹಿಂದಕ್ಕೆ ಕೊಟ್ಟರು.

* * *

ಗೌರೀಶಂಕರರ ಹೆಂಡತಿ ಪ್ರೇಮಕುಮಾರಿ ಪೊಲೀಸರಿಗೆ ಕಾಫಿ ತಂದರು. ಹಣೆಯಲ್ಲಿ ಕಾಸಗಲ ಕುಂಕುಮ. ಬಲ ಅಂಗೈಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತಮ್ಮ?" ಎಂದರು ಶಾಂತಕುಮಾರಿ.

"ಈಳಿಗೆಮಣೆ ತಾಕ್ತು ಬಿಡಿ."

"ವಿಡಿಯೋ ನೋಡಿದ್ರಾ?"

"ಊರೇ ನೋಡ್ತಿತ್ತು. ದೀಪ ಹಚ್ಚಿ ಕೂತು ನಾನೂ ನೋಡ್ದೆ." ಪ್ರೇಮಕುಮಾರಿ ದನಿ ತಗ್ಗಿಸಿದರು. "ಹೆಸರು ನಾನ್ಯಾಕೆ ಹೇಳ್ಲಿ. ಬಿಳಿ ಸೀರೆ, ಬೋಳು ಹಣೆ. ಈ ಊರಲ್ಲಿ ಯಾರಿದಾರೆ, ನೀವೇ ನೋಡ್ಕೊಳಿ."

ಅವರ ಕಣ್ಣು ಶಾಂತಕುಮಾರಿಯವರ ಹಣೆಯ ಮೇಲೆ ಹಾದು ಕೆಳಗಿಳಿಯಿತು. ಅಲ್ಲಿ ವಿಭೂತಿ ಮಾತ್ರ ಇತ್ತು. ಗಂಡನನ್ನು ಮಣ್ಣು ಮಾಡಿ ಬಂದ ದಿನದಿಂದ ಆ ಹಣೆಗೆ ಬೇರೇನೂ ಏರಿರಲಿಲ್ಲ. ಶಾಂತಕುಮಾರಿ ಕಾಫಿಯ ಲೋಟ ಹಾಗೇ ಕೆಳಗಿಟ್ಟರು.

ರಸ್ತೆಯಲ್ಲಿ ಜಿತೇಂದ್ರನ ಕಾರು ನಿಂತಿತ್ತು. ಅವನ ಜೊತೆ ಕೆಲಸ ಮಾಡುವ ಮೇಘಶ್ರೀ ಒಳಗೆ ಕುಳಿತು ಅಳುತ್ತಿದ್ದಳು. ಡಿಕ್ಕಿ ತೆಗೆದ ಚಂದ್ರಮೌಳಿ ಒಂದು ಬಿಳಿ ಸೀರೆಯನ್ನು ಎತ್ತಿ ಹಿಡಿದರು.

"ಇದು ಯಾರದು?"

"ನಂದೇ ಸಾರ್. ಎಲ್ಲಾ ವಿಡಿಯೋದಲ್ಲೂ ದೆವ್ವ ನಾನೇ." ಹುಡುಗಿ ಮೂಗು ಒರೆಸಿಕೊಂಡಳು. "ನಿನ್ನೆ ನಾನಲ್ಲ. ಅವನನ್ನ ಒಳಗೆ ಬಿಟ್ಟು ಅಗಳಿ ಹಾಕಿ, ಕೊಣನೂರು ಸರ್ಕಲ್‌ನಲ್ಲಿ ಟೀ ಕುಡೀತಿದ್ದೆ. ನಾನು ವಾಪಸ್ ಬಂದು, ಸೀರೆ ಉಟ್ಟು ಬಾಗಿಲು ತೆಗೆಯೋದಕ್ಕೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಬೇರೆ ಯಾರೋ ಬಂದ್ಬಿಟ್ರು."

"ಬಡಿಯೋ ಸದ್ದು?" ಎಂದರು ಶಾಂತಕುಮಾರಿ.

"ಸ್ಪೀಕರ್‌ದು ಮೇಡಂ. ಯಾವ ಊರಿಗೆ ಹೋದ್ರೂ ಅದೇ ಸದ್ದು."

"ಹೆಸರು ಹೇಳ್ತೀನಿ ಅಂದಿದ್ದು?"

"ಸುಳ್ಳು. ಜನ ಕೂತು ನೋಡ್ಲಿ ಅಂತ."

ಟೀ ಅಂಗಡಿಯವನು ಅವಳ ಮಾತಿಗೆ ಹೂಂ ಎಂದ. "ಈ ಯಮ್ಮ ಇಲ್ಲೇ ನಿಂತಿತ್ತು ಸಾ. ವಿಡಿಯೋದಾಗೆ ದೆವ್ವ ಬತ್ತಿದ್ದಂಗೆ ನಮ್ಗಿಂತ ಮುಂಚೆ ಇದೇ ಕಿರುಚ್ಕಂತು. ನನ್ ಗಲಾಸು ಒಡುದಾಕ್ಬುಡ್ತು."

* * *

ಠಾಣೆಗೆ ಹಿಂದಿರುಗುವಷ್ಟರಲ್ಲಿ ಮಾನಸಾಳ ತಾಯಿ ಮಲ್ಲಿಗಮ್ಮ ತಾನಾಗಿ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಮಾಸಿದ ಬಿಳಿ ಸೀರೆ. ಬೋಳು ಹಣೆ.

"ನಾನೇ ಕಣ್ ಸಾ ಕೆಡವಿದ್ದು. ಬರ್ಕಳಿ."

ಚಂದ್ರಮೌಳಿಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ಸಂತೆಯಲ್ಲಿ ಅವಳು ಜಿತೇಂದ್ರನ ಕೊರಳಪಟ್ಟಿ ಹಿಡಿದು, 'ನನ್ ಮಗ್ಳ ದೆವ್ವ ಅಂತೀಯಲ್ಲ, ನಿನ್ ನಾಲ್ಗೆ ಬಿದ್ದೋಗ' ಎಂದು ಶಪಿಸಿದ್ದನ್ನು ಊರೇ ಕಂಡಿತ್ತು.

ಶಾಂತಕುಮಾರಿ ಅವಳ ಪಕ್ಕ ಕುಳಿತರು. "ಏಣಿ ಯಾವ ಕಡೆ ಇತ್ತಮ್ಮ?"

"ಯಾವ ಕಡೆನಾರ ಇರ್ಲಿ. ಎಳುದ್ನಲ್ಲ."

"ಸುಳ್ಳು ಹೇಳಿ ಜೈಲಿಗೆ ಹೋಗ್ತೀಯಾ?"

ಮುದುಕಿ ಸೆರಗು ಎಳೆದುಕೊಂಡಳು. "ನಾನಲ್ಲ ಅಂದ್ರೆ ನನ್ ಮಗ್ಳು ಅಂತಾರೆ ಕಣವ್ವ. ಬಸ್ ಸ್ಟ್ಯಾಂಡಾಗೆ ಆಗ್ಲೇ ಅಂತಾವ್ರೆ, ಮಾನಸಾ ಬಂದು ಬಲಿ ತಗಂಡ್ಲು ಅಂತ. ಇರುವೆ ತುಳೀದ ಮಗ ಅದು. ಸತ್ ಮ್ಯಾಲೆ ಕೊಲೆಗಾತಿ ಅನ್ನುಸ್ಕಬೇಕಾ? ನಂಗಿನ್ನೇನೈತೆ. ಆ ಎಸ್ರು ನನ್ ಮ್ಯಾಲೇ ಇರ್ಲಿ."

ಈ ಹೆಂಗಸು ಸತ್ತ ಮಗಳ ಮಾನಕ್ಕೆ ಬದುಕಿರುವ ತನ್ನ ತಲೆಯನ್ನು ಕೊಡಲು ಬಂದಿದ್ದಳು.

"ಅವತ್ತು ಅವಳು ಎಲ್ಲಿ ಬಿದ್ದಿದ್ಲು?"

"ಒಳಗ್ಲ ಮೂಲೇಲಿ, ಕೊಳವೆ ತಾವ. ಸೊಪ್ಪು ನೋಡಾಕೋಗಿ ತಲೆ ಸುತ್ತಿ ಬಿದ್ಲು ಅಂದ್ರು. ವರ್ಷ ವರ್ಷ ಓಗಿ ಆ ಮೂಲೇಗೆ ಊವ ಇಟ್ ಬತ್ತೀನಿ."

"ಮೊದಲು ನೋಡಿದ್ದು ಯಾರು?"

"ಪ್ರೇಮಕ್ಕ. ಅವ್ರೇ ಬಾಗ್ಲು ತಗುದು, ಬಾಯ್ಗೆ ನೀರು ಬುಟ್ರಂತೆ. ದ್ಯಾವ್ರಂತೋರು."

* * *

ಮಧ್ಯಾಹ್ನ ಜಿತೇಂದ್ರನ ತಾಯಿ ಜಿನಮ್ಮ ಬಂದರು. ಬಟ್ಟೆಯ ಗಂಟನ್ನು ಗುರುತಿಗಾಗಿ ತೋರಿಸಿದಾಗ ಕಪ್ಪು ಅಂಗಿಯನ್ನು ಬೆರಳಿನಿಂದ ಮುಟ್ಟಿದರು.

"ನಿನ್ನೆ ಹಾಕ್ಕೊಂಡು ಹೊರಟಿದ್ದು ಇದೇ. ಈ ಬುರುಡೆ ಅಂಗಿ ಬೇಡ್ವೋ ಅಂತ ಬಡ್ಕೊಂಡೆ. ನಗ್ತಾ ಹೋದ." ಸ್ವಲ್ಪ ತಡೆದು ಕೇಳಿದರು. "ಏನಾದ್ರೂ ತಿಂದಿದ್ನಾ ಮೇಡಂ? ಹೊತ್ತು ಮುಳುಗಿದ ಮೇಲೆ ಅವನು ಉಣ್ಣಲ್ಲ."

ಶಾಂತಕುಮಾರಿ ಅಂಗಿಯನ್ನೇ ನೋಡುತ್ತಿದ್ದರು. ಕಪ್ಪು ಅಂಗಿ. ಎದೆಯಲ್ಲಿ ಅಷ್ಟು ದೊಡ್ಡ ಬುರುಡೆ. ವಿಡಿಯೋದಲ್ಲಿ ಆ ಬುರುಡೆ ಎಲ್ಲಿ ಹೋಯಿತು?

ಮೇಘಶ್ರೀಯನ್ನು ಕರೆಸಿದರು.

"ಅವನು ಮಧ್ಯೆ ಅಂಗಿ ಬದಲಾಯಿಸಿದ್ನಾ?"

"ಇಲ್ಲ ಮೇಡಂ. ಅದು ನೈಟ್ ವಿಷನ್ ಕ್ಯಾಮೆರಾ. ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಟ್ಟು ತೆಗೆಯುತ್ತೆ. ಅದಕ್ಕೆ ಬಣ್ಣ ಗೊತ್ತಾಗಲ್ಲ. ಕಪ್ಪು ಬಟ್ಟೆ ಎಷ್ಟೋ ಸಲ ಬೆಳ್ಳಗೇ ಕಾಣುತ್ತೆ. ಅದಕ್ಕೇ ಆ ಬಿಳಿ ಬುರುಡೆ ಅಂಗಿಯೊಳಗೇ ಮುಳುಗಿಹೋಗಿದೆ."

"ಕೆಂಪು?"

"ಕೆಂಪೂ ಅಷ್ಟೇ."

ಶಾಂತಕುಮಾರಿ ಎದ್ದು ದೇವರ ಪಟದ ಬಳಿಗೆ ಹೋದರು. ಅಲ್ಲಿ ಕುಂಕುಮದ ಬಟ್ಟಲಿತ್ತು. ಬೆರಳು ಅದರ ಹತ್ತಿರ ಹೋಗಿ ನಿಂತಿತು. 'ತಪ್ಪಾದರೆ ಕ್ಷಮಿಸು ತಂದೆ' ಎಂದುಕೊಂಡರು. ಹಣೆಯ ನಡುವೆ, ಗಂಡನಿದ್ದಾಗ ಇಡುತ್ತಿದ್ದಷ್ಟೇ ದೊಡ್ಡದಾಗಿ, ಕುಂಕುಮ ಇಟ್ಟುಕೊಂಡರು. ಚಂದ್ರಮೌಳಿ ಮುಖ ಬೇರೆ ಕಡೆ ತಿರುಗಿಸಿದರು.

ಮೇಘಶ್ರೀಯ ಕೈಗೆ ಅದೇ ಕ್ಯಾಮೆರಾ ಕೊಟ್ಟು ಸಾಮಾನಿನ ಕೋಣೆಯ ಕತ್ತಲಲ್ಲಿ ನಿಂತರು. "ತೆಗೆಯಮ್ಮ."

ಪರದೆಯ ಮೇಲೆ ಮುಖ ಮೂಡಿತು. ಹಣೆ ಬೋಳಾಗಿತ್ತು.

ಖಾಕಿ ಸೀರೆಯೂ ಮಾಸಲು ಬಿಳುಪಾಗಿತ್ತು. ನಿನ್ನೆ ತಾಲ್ಲೂಕೆಲ್ಲ ಕಂಡ ದೆವ್ವವೇ ಅಲ್ಲಿ ನಿಂತಂತಿತ್ತು.

"ಹಾಗಾದ್ರೆ ಊರಿನ ಯಾವ ಹೆಂಗಸಾದ್ರೂ ಆಗಬಹುದು," ಎಂದರು ಚಂದ್ರಮೌಳಿ.

"ಇಲ್ಲ ಸಾರ್. ಒಬ್ಬರೇ. ಜೀಪ್ ತೆಗೆಸಿ."

* * *

ಪ್ರೇಮಕುಮಾರಿ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಗೌರೀಶಂಕರರು ಪಕ್ಕದಲ್ಲಿ ಪೇಪರ್ ಹಿಡಿದಿದ್ದರು.

"ನಿನ್ನೆ ಸಂಜೆ ಯಾವ ಸೀರೆ ಉಟ್ಟಿದ್ರಿ ಅಮ್ಮ?" ಎಂದರು ಶಾಂತಕುಮಾರಿ.

"ಕುಂಕುಮದ ಬಣ್ಣದ ರೇಷ್ಮೆ. ಶುಕ್ರವಾರದ ಪೂಜೆ. ಯಾಕೆ?"

"ಆ ಕ್ಯಾಮೆರಾಕ್ಕೆ ಅದು ಬಿಳಿ ಸೀರೆ. ನಿಮ್ಮ ಹಣೆ ಬೋಳು."

ಹೂವಿನ ದಾರ ನಿಂತಿತು.

"ಇದೇನ್ರೀ, ಬಾಯಿಗೆ ಬಂದಂಗೆ," ಎಂದು ಗೌರೀಶಂಕರರು ಎದ್ದರು.

"ಕೂತ್ಕೊಳಿ ಸ್ವಾಮಿ. ನಾವೆಲ್ಲ ಸೀರೆ ನೋಡಿದ್ವಿ, ಹಣೆ ನೋಡಿದ್ವಿ. ಅವಳು ಎಲ್ಲಿ ನೋಡ್ತಿದ್ದಾಳೆ ಅಂತ ಯಾರೂ ನೋಡಲಿಲ್ಲ. ಸದ್ದು ಮೇಲಿಂದ ಬರ್ತಿದೆ. ಹುಡುಗ ಮೇಲಿದ್ದಾನೆ. ಒಳಗೆ ಬಂದವಳು ಎರಡು ಸಲ ಬಾಗಿಲ ಹಿಂದೆ, ನೆಲ ನೋಡ್ತಾಳೆ. ಮಾನಸಾ ಮೂಲೆಯಲ್ಲಿ ಬಿದ್ದಿದ್ಲು ಅಂತ ಊರಿಗೆ ಗೊತ್ತು. ಹೆತ್ತ ತಾಯಿ ಹೂ ಇಡೋದೂ ಆ ಮೂಲೆಗೇ. ಮಲ್ಲಿಗಮ್ಮ ಬಂದಿದ್ರೆ ಮೂಲೆ ನೋಡ್ತಿದ್ಲು. ಬಾಗಿಲ ಹಿಂದೆ ಹುಡುಕೋಳು, ಹೆಣ ಅಲ್ಲಿ ಬಿದ್ದಿದ್ದನ್ನ ಕಂಡೋಳು. ಅವತ್ತು ಬಾಗಿಲು ಮೊದಲು ತೆಗೆದಿದ್ದು ನೀವು. ಮೂಲೆಗೆ ಎಳೆದಿದ್ದೂ ನೀವೇ. ಬಾಗಿಲ ಹಿಂದೆ ಬಿದ್ದಿದ್ಲು ಅಂದ್ರೆ, ಬಡೀತಿದ್ಲು, ಹೊರಗೆ ಅಗಳಿ ಬಿದ್ದಿತ್ತು ಅಂತ ಜನಕ್ಕೆ ತಿಳೀತಿತ್ತು. ಈಗ ಆ ಕೈ ಬಿಚ್ಚಿ ಅಮ್ಮ."

ಪ್ರೇಮಕುಮಾರಿ ಬಿಚ್ಚಲಿಲ್ಲ. ಚಂದ್ರಮೌಳಿ ಬಟ್ಟೆ ಸರಿಸಿದರು. ಅಂಗೈಯೊಳಗೆ ಬಿದಿರಿನ ಸಿಬಿರು ಮುರಿದು ಕುಳಿತಿತ್ತು.

"ಇವ್ರ ಜೊತೆ ನಗ್ತಿದ್ಲು," ಎಂದರು ಪ್ರೇಮಕುಮಾರಿ. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಒಂದು ಗಳಿಗೆ ಹೆದರಿಸೋಣ ಅಂತ ಅಗಳಿ ಹಾಕ್ದೆ. ಒಲೆ ಉರೀತಿತ್ತು. ಬಡಿದ್ಲು. ಅಕ್ಕಾ, ಅಕ್ಕಾ ಅಂದ್ಲು. ನನ್ನ ಕೈ ಅಗಳಿ ಮೇಲೇ ಇತ್ತು."

"ತೆಗೀಲಿಲ್ವಾ?"

"ಇನ್ನೊಂದ್ಸಲ ಬಡೀಲಿ, ತೆಗೀತೀನಿ ಅಂದ್ಕೊಂಡೆ. ಬಡಿದ್ಲು. ಇನ್ನೊಂದ್ಸಲ ಅಂದ್ಕೊಂಡೆ. ಬಡೀತಾನೇ ಇದ್ಲು. ಆಮೇಲೆ ಬಡೀಲಿಲ್ಲ."

ಗೌರೀಶಂಕರರ ಕೈಯಿಂದ ಪೇಪರ್ ಜಾರಿತು.

"ನಿನ್ನೆ ಫೋನಿನಲ್ಲಿ ಅದೇ ಸದ್ದು. ಅದೇ. ಹೆಸರು ಹೇಳಿಬಿಡ್ತಾಳೆ ಅಂತ ಓಡಿದೆ. ಬಾಗಿಲ ಹಿಂದೆ ನೋಡ್ದೆ, ಇರಲಿಲ್ಲ. ಮೇಲೆ ನೋಡಿದ್ರೆ ಈ ಹುಡುಗ ಕೂಗ್ತಿದ್ದ. ಅವಳು ಇವನ ಬಾಯಲ್ಲಿ ಮಾತಾಡ್ತಾಳೆ ಅನ್ನಿಸ್ತು."

"ಅದು ಸ್ಪೀಕರ್ ಅಮ್ಮ. ಎಲ್ಲಾ ಊರಲ್ಲೂ ಅದೇ ಸದ್ದು ಹಾಕೋರು. ಅವನಿಗೆ ನಿಮ್ಮ ಹೆಸರೇ ಗೊತ್ತಿರಲಿಲ್ಲ."

ಪ್ರೇಮಕುಮಾರಿ ತಲೆಯೆತ್ತಿದರು. ಊರಿಗೆ ಊರೇ ಮೋಜಿಗೆ ನೋಡಿದ ಸುಳ್ಳನ್ನು ಸಂಪೂರ್ಣ ನಂಬಿದವರು ಅವರೊಬ್ಬರೇ. ನಂಬದೆ ಇದ್ದಿದ್ದರೆ ಹುಡುಗ ಸಾಯುತ್ತಿರಲಿಲ್ಲ. ಹಳೆಯ ಪಾಪವೂ ಹೊರಬರುತ್ತಿರಲಿಲ್ಲ.

* * *

ಮಲ್ಲಿಗಮ್ಮ ಇನ್ನೂ ಅದೇ ಬೆಂಚಿನ ಮೇಲೆ ಕುಳಿತಿದ್ದಳು. ಶಾಂತಕುಮಾರಿ ಹತ್ತಿರ ಕುಳಿತು ಎಲ್ಲವನ್ನೂ ಹೇಳಿದರು. ಹಣೆಯ ಕುಂಕುಮ ಒರೆಸಲು ಮರೆತೇ ಹೋಗಿತ್ತು.

"ನಿನ್ನ ಮಗಳು ಯಾರನ್ನೂ ಕೊಂದಿಲ್ಲಮ್ಮ. ದೆವ್ವವೂ ಆಗಿಲ್ಲ."

ಮುದುಕಿ ಅಳಲಿಲ್ಲ. ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ವರ್ಷ್ಗಟ್ಲೆ ಊವ ಬ್ಯಾರೆ ಜಾಗುಕ್ಕಿಟ್ಟೆ," ಎಂದಳು. ಆಮೇಲೆ ಕೇಳಿದಳು. "ಎಷ್ಟೊತ್ತು ಬಡುದ್ಲಂತವ್ವ?"

ಪ್ರೇಮಕುಮಾರಿಯ ಹೇಳಿಕೆ ಶಾಂತಕುಮಾರಿಯವರ ಕಿವಿಯಲ್ಲಿ ಇನ್ನೂ ಮೊರೆಯುತ್ತಿತ್ತು. ದಿನವೂ ಲಿಂಗ ಮುಟ್ಟಿ ಪೂಜೆ ಮಾಡುವ ಹೆಂಗಸು ಅವರು. ನಾಲಿಗೆ ಸುಳ್ಳಿಗೆ ಒಗ್ಗಿರಲಿಲ್ಲ.

"ಸ್ವಲ್ಪ ಹೊತ್ತು ಅಷ್ಟೇ ಅಮ್ಮ. ಬೇಗ ಪ್ರಜ್ಞೆ ತಪ್ಪಿತಂತೆ."

ಮಲ್ಲಿಗಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ಅವರ ಮೊಣಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಸುಳ್ಳು ಯೋಳ್ತಿದ್ದೀಯ ಕಣವ್ವ. ಇರ್ಲಿ. ಇನ್ನೊಂದ್ಸಲ ಯೋಳು."