ವಿಮಾನದ ರೆಕ್ಕೆಯಲ್ಲೊಂದು ಕಡ್ಡಿ

ಫೆಬ್ರವರಿ ೨೪, ೨೦೨೩. ಬೆಳಗ್ಗೆ ಹನ್ನೊಂದು ಗಂಟೆ. ಸರಟೋಗಾದ ಗುರುಪ್ರಸಾದರು ಸಿಡಿಮಿಡಿಗುಟ್ಟುತ್ತ ಠಾಣೆಗೆ ಬಂದು ದೂರು ಕೊಟ್ಟರು. ಅವರು ಬಾಡಿಗೆಗೆ ಕೊಟ್ಟ ಪುಟ್ಟ ವಿಮಾನ, ಬೆಟ್ಟದ ಮೇಲಿನ ಖಾಸಗಿ ರನ್‌ವೇಯಲ್ಲಿ ಮೇಲೇಳಲು ಓಡುತ್ತಿದ್ದಾಗಲೇ ಹಿಮದ ದಿಬ್ಬಕ್ಕೆ ಮೂತಿ ಗುದ್ದಿತ್ತು. ಪೈಲಟ್ ರಂಜನಿಯ ಬೇಜವಾಬ್ದಾರಿಯೇ ಕಾರಣ, ಪೊಲೀಸ್ ವರದಿ ಹಿಡಿದು ಆಕೆಯ ಲೈಸೆನ್ಸ್ ರದ್ದು ಮಾಡಿಸುತ್ತೇನೆ ಎಂದರು.

ಬೆಚ್ಚನೆಯ ಕರಾವಳಿಯ ಬೇ ಏರಿಯಾದಲ್ಲಿ ಹಿಮವೆಂದರೆ ಮೊಲಕ್ಕೆ ಕೋಡು ಮೂಡಿದಂತೆ. ಇನ್‌ಸ್ಪೆಕ್ಟರ್ ಅಮ್ರೀನ್ ಖುಷಿಯಿಂದಲೇ ಬೆಟ್ಟ ಹತ್ತಿದಳು. ಯಾರಿಗೂ ಗಾಯವಾಗಿರಲಿಲ್ಲ, ಪ್ರೊಪೆಲ್ಲರ್ ಮಾತ್ರ ಸೊಟ್ಟಗಾಗಿತ್ತು. ಪಂಚನಾಮೆಯ ವೇಳೆ ಮೆಕ್ಯಾನಿಕ್ ರೆಕ್ಕೆಯಡಿಯ ಸಣ್ಣ ನಳಿಗೆಯಿಂದ ಒಂದು ಮುರಿದ ಕಡ್ಡಿ ಎಳೆದ. ಆ ನಳಿಗೆಗೆ ಗಾಳಿ ಹೊಕ್ಕರಷ್ಟೇ ಒಳಗೆ ವೇಗದ ಮುಳ್ಳು ಏಳುತ್ತದೆ.

"ಯಾರೋ ಬೇಕಂತ್ಲೇ ತುರುಕಿದ್ದಾರೆ," ಎಂದ ಸಹಾಯಕ ಜೈದ್.

ಅಮ್ರೀನ್ ರಂಜನಿಯನ್ನು ಕೇಳಿದಳು. "ನಳಿಗೆ ಚೆಕ್ ಮಾಡಿದ್ರಾ?"

"ಮಾಡ್ದೆ, ಕ್ಲೀನಾಗಿತ್ತು. ಆಮೇಲೆ ವೆದರ್ ಕೇಳೋಕೆ ಒಳಗೆ ಹೋದೆ. ಬಂದು ಓಡಿಸಿದ್ರೆ ಸ್ಪೀಡು ಸೊನ್ನೆ. ಬ್ರೇಕ್ ಹಾಕ್ದೆ, ಜಾರಿತು."

"ಸಾಕ್ಷಿ?"

"ಅಪ್ಪ ಒಬ್ರೇ. ನನ್ನ ಲೈಸೆನ್ಸ್ ಹೋಯ್ತು ಅಂತ ಕಾಣುತ್ತೆ."

ಅಮ್ರೀನ್ ಕಡ್ಡಿಯನ್ನು ಮೂಸಿದಳು. ಹುಟ್ಟೂರು ಹುಬ್ಬಳ್ಳಿಯ ದರ್ಗಾದ ಪರಿಮಳ. ಉಕ್ಕಿದ ನಗುವನ್ನು ಹಲ್ಲು ಕಚ್ಚಿ ತಡೆದಳು.

ರಂಜನಿಯ ತಂದೆ ಕುಬೇರಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಹೀಟರಿನ ಮುಂದೆ ಕೂತಿದ್ದರು.

"ಕಾಕಾ, ಈ ಊದಿನಕಡ್ಡಿ ಯಾರದು?"

"ನಂದವಾ. ಇಮಾನದ ಪೂಜಾ ಮಾಡಿದ್ದೆ."

"ತೂತಿನಾಗ ಯಾಕ ಚುಚ್ಚಿದ್ರಿ?"

"ಬಾಳಿಹಣ್ಣು ಮರತು ಬಂದಿದ್ದೆ, ತೂತು ಹದಾ ಇತ್ತು. ಆಕಿ ಬಂದ್ರ ನಗತಾಳಂತ ಗಡಿಬಿಡಿಲೆ ಎಳದೆ. ಅರ್ಧಾ ಒಳಗ ಉಳೀತು."

ಅಮ್ರೀನ್ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಮುದುಕರ ಮುಖ ಇಳಿದುಹೋಯಿತು. ಎದ್ದು ಎರಡೂ ಕೈ ಮುಂದೆ ಚಾಚಿದರು.

"ಕೋಳಾ ಹಾಕ್ರಿ. ಆಕಿ ಎಲ್ಲಾ ನೋಡೇ ಒಳಗ ಹೋಗಿದ್ಲು, ನಾ ಕಣ್ಣಾರೆ ಕಂಡೀನಿ. ಲೈಸೆನ್ಸ್ ಮುಟ್ಟಬ್ಯಾಡ್ರಿ."

ರಂಜನಿಯನ್ನು ಉಳಿಸಲು ಬೇಕಿದ್ದದ್ದು ಆ ಒಂದು ಹೇಳಿಕೆಯೇ. ಫೋನಿನಲ್ಲಿ ಕೇಳಿದ ಗುರುಪ್ರಸಾದರು ಹೊಟ್ಟೆ ಹಿಡಿದು ನಕ್ಕು ದೂರು ಹಿಂದಕ್ಕೆ ಪಡೆದರು. ಆದರೂ ಹೇಳಿಕೆಗೆ ಸಹಿ ಬೇಕಲ್ಲ. ಕೋಳವಿಲ್ಲದ ಆರೋಪಿಯನ್ನು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಪಕ್ಕದಲ್ಲಿ ಮಗಳೂ ಕೂತಳು, ನಗು ತಡೆಯಲಾರದೆ.

"ಪೂಜಾ ಮಾಡಲೇಬೇಕಿತ್ತೇನು ಕಾಕಾ?" ಅಮ್ರೀನ್ ಕೇಳಿದಳು.

ಕುಬೇರಪ್ಪ ಕಿಟಕಿಯಾಚೆ ನೋಡುತ್ತ ಹೇಳಿದರು. "ಈಕಿ ಸೈಕಲ್ ಕಲಿವಾಗ ಹಿಂದ ಹಿಡಕೊಂಡು ಓಡಿದ್ದೆ. ಇದರ ಹಿಂದ ಹೆಂಗ ಓಡ್ಲೆವಾ?"

ರಂಜನಿಯ ನಗು ಅಲ್ಲಿಗೆ ನಿಂತಿತು. ಅವಳು ಅಪ್ಪನ ತೋಳಿಗೆ ಒರಗಿದಳು.