ಮೂವತ್ತೆರಡಕ್ಕೆ ನಿಲ್ಲುವ ಗಾಳಿ

"ನನ್ನ ಕಾರಿನ ಟೈರಿಗೆ ಯಾರೋ ಗಾಳಿ ತುಂಬ್ತಿದ್ದಾರೆ ಅಮ್ಮ. ಆದ್ರೆ ಅಲ್ಲಿ ಯಾರೂ ಇರಲ್ಲ."

ಎರಡನೇ ಮಹಡಿಯ ನರ್ಸಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ನಾದಿನಿ ಕೈಯಲ್ಲಿದ್ದ ಲೋಟ ಕೆಳಗಿಡುವುದನ್ನೂ ಮರೆತಳು. ಅತ್ತಿಗೆ ಮಾತ್ರ ಕಿಟಕಿ ಪಕ್ಕದ ಕುರ್ಚಿಯಿಂದ ಅಲುಗಲಿಲ್ಲ. "ಒಳಗೆ ಬಾ. ಕೂತ್ಕೊಂಡು ಮೊದಲಿಂದ ಹೇಳು," ಎಂದರು.

ಆ ಕಟ್ಟಡದಲ್ಲಿ ಏನು ಕಳೆದರೂ, ಯಾರಿಗೆ ಏನು ಅನುಮಾನ ಬಂದರೂ ಜನ ಹತ್ತುತ್ತಿದ್ದುದು ಅತ್ತಿಗೆಯ ಮನೆಯ ಮೆಟ್ಟಿಲನ್ನೇ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವರು. ಕಾಣದ ಜನರ ದನಿ ಕೇಳಿ ಕೇಳಿ, ಹೇಳಿದ ಮಾತಿಗಿಂತ ನುಂಗಿದ ಮಾತನ್ನು ಹಿಡಿಯುವ ಕಿವಿ ಅವರಿಗೆ ಬಂದಿತ್ತು. ನಾದಿನಿ ಅವರ ಗಂಡನ ತಂಗಿ. ಆ ಗಂಡ, ಅಂದರೆ ಇವಳ ಅಣ್ಣ, ತೀರಿಕೊಂಡ ಮೇಲೆ ಇಬ್ಬರ ನಂಟಿಗೆ ನಡುವಿನ ಗಂಟೇ ಇರಲಿಲ್ಲ. ಆದರೂ ಇಬ್ಬರೂ ಬಿಚ್ಚಿಕೊಂಡು ಹೋಗಲಿಲ್ಲ. ಒಂದೇ ಮನೆ, ಎರಡು ಕಿಟಕಿ. ಮಾತಿಲ್ಲದೆ ಹೊತ್ತು ಮುಳುಗಿದ ದಿನಗಳೂ ಇದ್ದವು.

ನರ್ಸಮ್ಮನ ಕತೆ ಹೀಗಿತ್ತು. ಹೋದ ವರ್ಷ ತೀರಿಕೊಂಡ ಅವಳ ಗಂಡನಿಗೆ ಆ ಕಾರೆಂದರೆ ಪಂಚಪ್ರಾಣ. ಕಂಪನಿಯ ಚಕ್ರಗಳನ್ನು ಬಿಚ್ಚಿಸಿ ಥಳಥಳ ಹೊಳೆಯುವ ಬೇರೆ ಚಕ್ರ ಹಾಕಿಸಿದ್ದ. ಹಳೆಯವನ್ನು ಟೈರಿನ ಸಮೇತ ನೆಲಮಾಳಿಗೆಯ ಪಾರ್ಕಿಂಗಿನ ಒಂದು ತುದಿಯಲ್ಲಿ, ಅವರ ಪಾಲಿನ ಜಾಲರಿ ಗೂಡಿನಲ್ಲಿ ಬೀಗ ಹಾಕಿಟ್ಟಿದ್ದ. ಈಗ ನರ್ಸಮ್ಮ ತಂಗಿಯ ಊರಿನ ಆಸ್ಪತ್ರೆಯ ಕೆಲಸಕ್ಕೆ ಹೋಗುವವಳಿದ್ದಳು. ಕಾರು ಕೊಳ್ಳಲು ಒಪ್ಪಿದವನು ಕಂಪನಿ ಚಕ್ರವೇ ಬೇಕೆಂದ. ಚಕ್ರ ಬದಲಿಸಲು ಬಂದ ಟೈರಣ್ಣನಿಗೆ ಅವಳು ಗೂಡಿನ ಬೀಗದ ಕೈ ಕೊಟ್ಟಳು. ಅವನು ಕೆಳಗೆ ಹೋಗಿ, ಹೋದಷ್ಟೇ ಬೇಗ ಹತ್ತಿ ಬಂದ. ಬೀಗ ಬೀಗದ ಹಾಗೇ ಇತ್ತು, ಗೂಡು ಖಾಲಿ.

"ನಮ್ಮ ಕಟ್ಟಡದ ಸೆಕ್ರೆಟರಿ ಟೈರಣ್ಣನ್ನೇ ಕಳ್ಳ ಅಂತಿದ್ದಾರೆ. ಶನಿವಾರದೊಳಗೆ ಚಕ್ರ ಸಿಗದಿದ್ರೆ ಅಂಗಡಿಯಿಂದ ಆಚೆ ಅಂತ ಅವನ ಮಾಲೀಕರೂ ಹೇಳಿಬಿಟ್ಟಿದ್ದಾರೆ," ಎಂದ ನರ್ಸಮ್ಮ ದನಿ ತಗ್ಗಿಸಿದಳು. "ಅದೇ ವಾರದಿಂದ ಇನ್ನೊಂದು ಶುರುವಾಯ್ತು. ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದ್ರೆ, ಮುಂದಿನ ಎಡಗಡೆ ಟೈರಿನ ಗಾಳಿ ಕಡಿಮೆ ಅಂತ ದೀಪ ಹತ್ತುತ್ತೆ. ಇಪ್ಪತ್ತಾರೋ ಇಪ್ಪತ್ತೇಳೋ ಇರುತ್ತೆ. ನಾನು ನೋಡ್ತಿದ್ದ ಹಾಗೇ ಅಂಕಿ ಏರುತ್ತೆ ಅಮ್ಮ. ನಿಂತ ಕಾರಲ್ಲಿ."

"ನೀನೇನು ಮಾಡ್ತೀಯ?"

ನರ್ಸಮ್ಮ ಸೆರಗಿನ ತುದಿ ಸುತ್ತಿದಳು. "ನಮ್ಮನೆಯವರು ದಿನಾ ಟೈರಿನ ಹತ್ರ ಕೂತು ಪಂಪ್ ಒತ್ತುತ್ತಾ 'ಎಷ್ಟಾಯ್ತು?' ಅಂತಿದ್ರು. ನಾನು ಒಳಗೆ ಕೂತು ಓದಿ ಹೇಳ್ತಿದ್ದೆ. ಪಕ್ಕದಲ್ಲೇ ನೀರಿನ ಮೋಟರು, ಅದರ ಸದ್ದಿಗೆ ಗಟ್ಟಿಯಾಗೇ ಕೂಗಬೇಕು. ಈಗಲೂ ಕೂಗ್ತೀನಿ. ಮೂವತ್ತೆರಡು, ಸಾಕು ಅಂದ ತಕ್ಷಣ ಅಂಕಿ ನಿಲ್ಲುತ್ತೆ. ನಗ್ಬೇಡಿ. ಅವರೇ ಬರ್ತಿದ್ರೆ, ನಾನು ಈ ಕಾರನ್ನ ಮಾರಿ ಹ್ಯಾಗೆ ಹೋಗ್ಲಿ? ತಂಗಿಗೆ ಬರಲ್ಲ ಅಂತ ಹೇಳಿಬಿಡ್ಲಾ?"

ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ನಾದಿನಿಯ ತೋಳು ಹಿಡಿದು ನೆಲಮಾಳಿಗೆಗೆ ಇಳಿದರು. ನರ್ಸಮ್ಮನ ಕಾರು ಒಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಗೋಡೆಯ ಮೇಲೆ ಒಂದು ಸಣ್ಣ ಗವಾಕ್ಷಿ. ಗೋಡೆಯ ಆಚೆ ಡ್ರಿಲ್ ಮೇಷ್ಟ್ರ ಸಾಮಾನಿನ ಕೋಣೆ. ಶಾಲೆ ಬಿಟ್ಟು ವರ್ಷಗಳಾದರೂ ಆ ಮುದುಕ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಆಚೆ ಬದಿಯ ಮೆಟ್ಟಿಲ ಬಳಿ ಅವರು ನೀರಿನ ಕ್ಯಾನು ಹಿಡಿದು ಎದುರಾದರು.

"ಏನು ಮೇಷ್ಟ್ರೇ, ಬೆಳಬೆಳಿಗ್ಗೆ ಕವಾಯತು?" ಎಂದರು ಅತ್ತಿಗೆ.

"ನರ್ಸಮ್ಮನ ಮನೆ ಗಿಡಗಳಿಗೆ ನೀರು ಹಾಕೋದು ನನ್ನ ಡ್ಯೂಟಿ. ಅವರು ವಾರಕ್ಕೊಮ್ಮೆ ನನ್ನ ಮಂಡಿನ ಆಸ್ಪತ್ರೆಗೆ ಕಾರಲ್ಲಿ ಹೊತ್ಕೊಂಡು ಹೋಗ್ತಾರಲ್ಲ, ಅದರ ಬಾಡಿಗೆ ಅಂದ್ಕೊಳ್ಳಿ."

"ಸೈಕಲ್ ಬಿಟ್ಟುಬಿಟ್ರಾ?"

"ನಾನೆಲ್ಲಿ ಬಿಟ್ಟೆ? ಮೊದಲು ಮಂಡಿ ನನ್ನ ಬಿಟ್ತು, ಆಮೇಲೆ ಸೈಕಲ್ಲೂ ಬಿಟ್ತು." ಮೇಷ್ಟ್ರು ನಕ್ಕು ಮೆಟ್ಟಿಲು ಹತ್ತಿದರು. ಅಂಗೈಗೆ ಬಟ್ಟೆ ಸುತ್ತಿತ್ತು. ಕೋಣೆಯ ಬಾಗಿಲ ಬದಿಗೆ ಒರಗಿದ್ದ ಸೈಕಲ್ಲಿನ ಎರಡು ಟೈರೂ ನೆಲಕ್ಕೆ ಅಂಟಿದ್ದವು, ಕಡ್ಡಿಗಳ ನಡುವೆ ಜೇಡ ಬಲೆ ಕಟ್ಟಿತ್ತು. ಪಂಪು ಸಿಕ್ಕಿಸುವ ಕೊಂಡಿ ಖಾಲಿ. ಅದೊಂದರ ಮೇಲೆ ಮಾತ್ರ ದೂಳಿರಲಿಲ್ಲ. ನಾದಿನಿಯ ಕಣ್ಣು ಅಲ್ಲೇ ನಿಂತಿತು.

ಮೇಷ್ಟ್ರು ನೀರು ಹಾಕಿ ಇಳಿದು ಬರುವ ಹೊತ್ತಿಗೆ ಕಾರಿನ ಬಳಿ ಟೈರಣ್ಣ ಬಂದಿದ್ದ. ನಡುವಯಸ್ಸಿನ ಆಸಾಮಿ, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಕಪ್ಪು. ನರ್ಸಮ್ಮ ಕೀಲಿ ತಿರುಗಿಸಿದಳು. ಇಪ್ಪತ್ತೇಳು. ಟೈರಣ್ಣ ಕೂತು ತನ್ನ ಮೀಟರನ್ನು ಟೈರಿಗೇ ಒತ್ತಿದ. ಮೂವತ್ತೆರಡು. ಕಾರಿನೊಳಗಿನ ಅಂಕಿ ಇಪ್ಪತ್ತೆಂಟಾಯಿತು, ಇಪ್ಪತ್ತೊಂಬತ್ತಾಯಿತು. ಅವನ ಮೀಟರು ಮೂವತ್ತೆರಡರಲ್ಲೇ ಕೂತಿತ್ತು.

"ವಾರದಿಂದ ಇದೇ ಗೋಳು," ಎಂದ ಅವನು. "ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗಾಗಿದೆ. ಟೈರ್ ಸರಿಯಾಗಿದೆ, ಸೆನ್ಸರೂ ಸರಿಯಾಗಿದೆ."

"ಈ ಸೆನ್ಸರು ಅಂದ್ರೆ ಏನಪ್ಪ?"

"ಚಕ್ರದ ಒಳಗೆ, ಗಾಳಿ ತುಂಬೋ ಬಾಯಿಯ ಬುಡದಲ್ಲಿ ಕೂತಿರುತ್ತಮ್ಮ. ಒಳಗೆ ಎಷ್ಟು ಗಾಳಿ ಇದೆ ಅಂತ ಕಾರಿಗೆ ಸುದ್ದಿ ಕಳಿಸುತ್ತೆ. ಒಂದೊಂದಕ್ಕೂ ಒಂದೊಂದು ನಂಬರು. ತನಗೆ ಗೊತ್ತಿರೋ ನಂಬರಿನ ಮಾತು ಮಾತ್ರ ಕಾರು ಕೇಳುತ್ತೆ. ಬೇರೆ ಚಕ್ರ ಹಾಕಿದಾಗ ಹೊಸ ಸೆನ್ಸರ್ ಕೂರಿಸಿ ಕಾರಿಗೆ ಪರಿಚಯ ಮಾಡಿಸ್ಬೇಕು."

"ಇದಕ್ಕೂ ಹಾಗೇ ಮಾಡಿದ್ಯಾ?"

"ಇಲ್ಲಮ್ಮ. ಯಜಮಾನರು ಎರಡು ಜೋಡಿನೂ ತಯಾರಿರಲಿ, ಬೇಕಾದಾಗ ನಾನೇ ಬದಲಾಯಿಸ್ಕೋತೀನಿ ಅಂದ್ರು. ಅದಕ್ಕೆ ಹೊಸ ಸೆನ್ಸರುಗಳಿಗೆ ಹಳೇವುಗಳ ನಂಬರನ್ನೇ ಬರೆದೆ. ಯಾವ ಜೋಡಿ ಹಾಕಿದ್ರೂ ಕಾರು ತನ್ನದೇ ಅಂದ್ಕೊಳ್ಳುತ್ತೆ. ತೆಗೆದಿಟ್ಟವೂ, ನಿಂತ ಕಾರಿನವೂ ಮಲಗಿಬಿಡ್ತವೆ. ಚಕ್ರ ಉರುಳಿದ್ರೆ, ಇಲ್ಲ ಗಾಳಿ ಹೆಚ್ಚುಕಮ್ಮಿ ಆದ್ರೆ ಮಾತ್ರ ಎಚ್ಚರ."

ಅತ್ತಿಗೆ ಕಣ್ಣು ಮುಚ್ಚಿದರು. ನಾದಿನಿಗೆ ಆ ಮುಖ ಗೊತ್ತಿತ್ತು. ದೂರದ ತಂತಿಯ ಆ ತುದಿಯಲ್ಲಿ ಯಾರೋ ಉಸಿರಾಡುವುದನ್ನು ಕೇಳುತ್ತಿದ್ದಾರೆ ಎಂದೇ ಅರ್ಥ.

ಬಳಿಕ ಅವರು ಎರಡು ಪರೀಕ್ಷೆ ಮಾಡಿಸಿದರು. ಮೊದಲು ಕಾರನ್ನು ಗೇಟಿನಾಚೆ ಒಂದು ಸುತ್ತು ಓಡಿಸಿ ಬೀದಿ ತುದಿಯಲ್ಲಿ ನಿಲ್ಲಿಸಿದರು. ದೀಪ ಆರಿತು, ನಾಲ್ಕೂ ಟೈರು ಮೂವತ್ತೆರಡು. ಎರಡನೆಯದು ಅದರ ಮರುದಿನ. "ಇವತ್ತು ಏನೇ ಆದ್ರೂ ಬಾಯಿ ಬಿಡಬೇಡ," ಎಂದು ನರ್ಸಮ್ಮನಿಗೆ ಹೇಳಿ ಅವಳ ಪಕ್ಕ ಕೂತರು. ಹಿಂದಿನ ಸೀಟಿನಿಂದ ನಾದಿನಿ ನೋಡುತ್ತಿದ್ದಳು. ಮೋಟರು ಗುಂಯ್‌ಗುಟ್ಟುತ್ತಿತ್ತು. ಮೂವತ್ತು. ಮೂವತ್ತೊಂದು. ಮೂವತ್ತೆರಡು. ನರ್ಸಮ್ಮ ತುಟಿ ಕಚ್ಚಿದಳು. ಮೂವತ್ಮೂರು. ಮೂವತ್ತೈದು. ಮೂವತ್ತೆಂಟು. ಅಲ್ಲಿ ಅದು ತಡೆಯಿತು, ಏನೋ ಹುಡುಕುವವರ ಹಾಗೆ.

"ನಾನು ಹೇಳ್ಲಿಲ್ಲ ಅಂತ ಅವರಿಗೆ ಬೇಜಾರಾಯ್ತು," ಎಂದು ನರ್ಸಮ್ಮ ಅತ್ತಳು.

ಅತ್ತಿಗೆ ಅವಳ ಕೈ ಹಿಡಿದುಕೊಂಡರು. ಮೆಟ್ಟಿಲು ಹತ್ತುವಾಗ ನಾದಿನಿ ಮೆಲ್ಲಗೆ ಕೇಳಿದಳು, "ಗೊತ್ತಾಯ್ತಾ ಅತ್ತಿಗೆ?"

"ಗೊತ್ತಾಯ್ತು ಕಣೆ. ಗೊತ್ತಾಗದಿದ್ರೇ ಚೆನ್ನಾಗಿತ್ತು. ಕಳ್ಳನ್ನ ಹಿಡಿಯೋಕೆ ಹೋದ್ರೆ ಅವಳ ಗಂಡನ್ನ ಎರಡನೇ ಸಲ ಕಳಿಸಿಕೊಟ್ಟ ಹಾಗಾಗುತ್ತೆ. ಆದ್ರೆ ಟೈರಣ್ಣನ ಅನ್ನ ಹೋಗುತ್ತಲ್ಲ."

ಶನಿವಾರ ಎಲ್ಲರೂ ನೆಲಮಾಳಿಗೆಯಲ್ಲಿ ಸೇರಿದರು. ಅತ್ತಿಗೆಗೊಂದು ಪ್ಲಾಸ್ಟಿಕ್ ಕುರ್ಚಿ. ನರ್ಸಮ್ಮ ಕಾರಿಗೆ ಒರಗಿದ್ದಳು, ಡ್ರಿಲ್ ಮೇಷ್ಟ್ರು ಕಂಬಕ್ಕೆ ಒರಗಿದ್ದರು. ಸೆಕ್ರೆಟರಿ ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಇದಕ್ಕೆಲ್ಲ ಸಭೆ ಯಾಕಮ್ಮ? ಬೀಗದ ಕೈ ಇದ್ದದ್ದು ಇವನ ಹತ್ರ," ಎಂದು ಅವರು ಟೈರಣ್ಣನತ್ತ ಗಲ್ಲ ಎತ್ತಿದರು. "ಎರಡೂ ಎರಡೂ ನಾಲ್ಕು."

"ನಾಲ್ಕೇ, ಸೆಕ್ರೆಟರಿ. ಆದ್ರೆ ಇಲ್ಲಿರೋದು ಎಂಟು ಚಕ್ರ," ಎಂದರು ಅತ್ತಿಗೆ. "ನಾನಿದ್ದ ಎಕ್ಸ್‌ಚೇಂಜಲ್ಲಿ ಒಂದೇ ನಂಬರಿಗೆ ಎರಡು ಫೋನ್ ಇರ್ತಿದ್ವು. ಒಂದು ಅಂಗಡೀಲಿ, ಇನ್ನೊಂದು ಹಿಂದಿನ ಮನೇಲಿ. ಯಾರು ಎತ್ತಿದ್ರೂ ನಮಗೆ ಅದೇ ನಂಬರು. ಈ ಕಾರಿಗೂ ಹಾಗೇ ಆಗಿದೆ. ಹೊಸ ಚಕ್ರಕ್ಕೂ ಹಳೇ ಚಕ್ರಕ್ಕೂ ಒಂದೇ ನಂಬರು. ಇಲ್ಲಿರೋ ಟೈರು ಮೂವತ್ತೆರಡು ಅಂತ ಕೈಮೀಟರು ಹೇಳುತ್ತೆ. ಹಾಗಾದ್ರೆ ಇಪ್ಪತ್ತೇಳು ಅಂತ ಹೇಳ್ತಿರೋದು ಹಳೇ ಟೈರು. ಬೀದಿಗೆ ಹೋದ್ರೆ ಅದರ ದನಿ ಕೇಳಲ್ಲ. ಅಂದ್ರೆ ಕಳುವಾದ ಚಕ್ರಗಳು ಈ ಕಟ್ಟಡ ಬಿಟ್ಟಿಲ್ಲ. ಕದ್ದವನು ಟೈರಣ್ಣ ಆಗಿದ್ರೆ ಇಲ್ಲೇ ಯಾಕೆ ಇಡ್ತಾನೆ?"

ಸೆಕ್ರೆಟರಿ ನಡೆಯುವುದನ್ನು ನಿಲ್ಲಿಸಿದರು.

"ಉರುಳಿಸ್ಕೊಂಡು ಹೋಗುವಾಗ ಒಂದು ಚಕ್ರ ಎಲ್ಲೋ ತಗುಲಿ ಗಾಳಿ ಸೋರೋಕೆ ಶುರುವಾಗಿದೆ. ರಾತ್ರಿಯೆಲ್ಲ ಇಳಿಯುತ್ತೆ. ಬೆಳಿಗ್ಗೆ, ಮೋಟರ್ ಸದ್ದಿನ ಮರೇಲಿ ಯಾರೋ ಪಂಪ್ ಒತ್ತುತ್ತಾರೆ. ಅವರ ಪಂಪಿಗೆ ಮೀಟರಿಲ್ಲ. ಆದ್ರೂ ದಿನಾ ಸರಿಯಾಗಿ ಮೂವತ್ತೆರಡಕ್ಕೇ ನಿಲ್ಲುತ್ತೆ. ಹ್ಯಾಗೆ? ಇವಳು ಸಾಕು ಅಂತಾಳೆ, ಅವರು ನಿಲ್ಲಿಸ್ತಾರೆ. ಇವಳು ಬಾಯಿ ಮುಚ್ಚಿದ ದಿನ ಮೂವತ್ತೆಂಟರವರೆಗೂ ಹೋಯ್ತು. ಸತ್ತವರಿಗೆ ಕೂಗಿ ಹೇಳಬೇಕಾಗಿಲ್ಲ. ಇವಳ ದನಿ ಬೇಕಾಗಿದ್ದು ಗೋಡೆಯಾಚೆ ಇರೋ ಕಿವಿಗೆ." ಅತ್ತಿಗೆ ಗವಾಕ್ಷಿಯತ್ತ ನೋಡಿದರು. "ಗೂಡಿನ ಇನ್ನೊಂದು ಕೀಲಿ ಎಲ್ಲಿರುತ್ತೆ ನರ್ಸಮ್ಮ?"

"ಮನೇಲಿ. ಬಾಗಿಲ ಹಿಂದಿನ ಮೊಳೆಗೆ," ಎಂದಳು ನರ್ಸಮ್ಮ. ಹೇಳಿದ ಮೇಲೆ ಅವಳ ಕಣ್ಣು ತಾನಾಗಿ ಕಂಬದ ಕಡೆ ಹೊರಳಿತು.

"ನೀನು ಡ್ಯೂಟಿಗೆ ಹೋದಾಗ ಗಿಡಕ್ಕೆ ನೀರು ಹಾಕೋರು ಒಬ್ಬರೇ. ಜೇಡ ಬಲೆ ಕಟ್ಟಿದ ಸೈಕಲ್ಲಿನ ಪಂಪು ಮಾತ್ರ ದಿನಾ ಓಡಾಡುತ್ತೆ, ಅಂಗೈಲಿ ಬೊಬ್ಬೆ ಬರೋಷ್ಟು. ಟೈರಣ್ಣ, ಆ ಬಾಗಿಲಿಗೆ ನಿನ್ನ ಯಂತ್ರ ಹಿಡಿ. ಒಂದು ಕರೆ ಮಾಡು, ಯಾರು ಎತ್ತುತ್ತಾರೋ ನೋಡೋಣ."

ಮಲಗಿದ ಸೆನ್ಸರನ್ನು ಎಬ್ಬಿಸುವ ಅಂಗೈಯಗಲದ ಯಂತ್ರವನ್ನು ಟೈರಣ್ಣ ಸಾಮಾನಿನ ಕೋಣೆಯ ತೆಳು ಹಲಗೆ ಬಾಗಿಲಿಗೆ ಒತ್ತಿದ. ಅದು ಒಂದು ಸಲ ಕಿಚಗುಟ್ಟಿತು. "ಎತ್ತಿತು ಅಮ್ಮ," ಎಂದ. "ನಾನು ಬರೆದ ನಂಬರೇ."

ಮೇಷ್ಟ್ರು ಯಾರೂ ಕೇಳುವ ಮೊದಲೇ ಬೀಗ ತೆಗೆದರು. ತೂತು ಬಿದ್ದ ಚೆಂಡುಗಳ ನಡುವೆ ನಾಲ್ಕು ಚಕ್ರಗಳು ಒಂದರ ಮೇಲೊಂದು ಇದ್ದವು, ಮೇಲೊಂದು ಒಗೆದ ಬಿಳಿ ಪಂಚೆ ಹೊದಿಸಿತ್ತು.

"ಈ ವಯಸ್ಸಲ್ಲಿ ಇದೇನ್ರೀ ಮೇಷ್ಟ್ರೇ?" ಎಂದರು ಸೆಕ್ರೆಟರಿ. ಈ ಸಲ ದನಿಯಲ್ಲಿ ಗದರಿಕೆ ಇರಲಿಲ್ಲ.

"ಚಕ್ರ ಸಿಗದಿದ್ರೆ ಕಾರು ಹೋಗಲ್ಲ, ಕಾರು ಹೋಗದಿದ್ರೆ ಅವರೂ ಹೋಗಲ್ಲ ಅಂದ್ಕೊಂಡೆ." ಮೇಷ್ಟ್ರು ನೆಲ ನೋಡುತ್ತಾ ಹೇಳಿದರು. "ಆಸ್ಪತ್ರೆಗೆ ಹೋಗಿ ಬರೋ ಆ ಹೊತ್ತೇ ನಾನು ಮಾತಾಡೋ ಹೊತ್ತು. ಮಿಕ್ಕ ದಿನ ಸೀಟಿ ಊದಿದ್ರೂ ತಿರುಗಿ ನೋಡೋರಿಲ್ಲ. ಟೈರಣ್ಣನ ಮೇಲೆ ಬಂದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದು ತಪ್ಪು ಕಣಪ್ಪ."

"ಗಾಳಿ ಯಾಕೆ ತುಂಬ್ತಿದ್ರಿ?" ಎಂದು ಕೇಳಿದ್ದು ನಾದಿನಿ. ಅಷ್ಟು ಹೊತ್ತಿಗೆ ಅವಳು ಆಡಿದ ಮೊದಲ ಮಾತು ಅದು.

"ಗಾಳಿ ಇಲ್ಲದೆ ಮಲಗಿದ್ರೆ ಟೈರ್ ಕೆಡುತ್ತಲ್ಲಮ್ಮ. ಅವರ ಯಜಮಾನರು ಎಷ್ಟು ಜೋಪಾನ ಮಾಡ್ತಿದ್ರು. ಮೊದಲ ದಿನ ನಾನು ಇಲ್ಲಿ ಒತ್ತಿದ್ರೆ ಅಲ್ಲಿ ಇವರು ಎಣಿಸಿದಾಗ ಸಿಕ್ಕಿಬಿದ್ದೆ ಅಂದ್ಕೊಂಡೆ. ಆಮೇಲೆ..." ಅವರು ಬಟ್ಟೆ ಸುತ್ತಿದ ಅಂಗೈಯನ್ನು ನೋಡಿಕೊಂಡರು. "ಆಮೇಲೆ ಬೆಳಗಾಗೋದನ್ನೇ ಕಾಯ್ತಿದ್ದೆ."

ನರ್ಸಮ್ಮ ಪಂಚೆ ಸರಿಸಿ ಮೇಲಿನ ಚಕ್ರವನ್ನು ಮುಟ್ಟಿ ನೋಡಿದಳು. "ಹಾಗಾದ್ರೆ ಅವರಲ್ಲ," ಎಂದಳು, ಯಾರಿಗೂ ಅಲ್ಲದ ಹಾಗೆ. ಮತ್ತೆ ಮೇಷ್ಟ್ರ ಎದುರು ಬಂದು ನಿಂತಳು. "ನಾನು ಸಾಕು ಅಂದಾಗ ನಿಲ್ಲಿಸ್ತಿದ್ರಲ್ಲ ಮೇಷ್ಟ್ರೇ. ಈಗಲೂ ಹೇಳ್ತಿದ್ದೀನಿ. ಸಾಕು."

ಮೇಷ್ಟ್ರು ತಲೆಯಾಡಿಸಿದರು. ಪೊಲೀಸಿನ ಮಾತು ಎತ್ತಲು ಸೆಕ್ರೆಟರಿಯೂ ಹೋಗಲಿಲ್ಲ. ಟೈರಣ್ಣನ ಮಾಲೀಕನಿಗೆ ಅಲ್ಲೇ ಫೋನ್ ಮಾಡಿ, "ನಿಮ್ಮವನದ್ದು ತಪ್ಪಿಲ್ಲ, ನಮ್ಮದೇ ಅವಸರ," ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಟೈರಣ್ಣ ಸೋರುವ ಗಾಳಿ ಬಾಯಿ ಬದಲಿಸಿ ಅಂದೇ ಹಳೆಯ ಚಕ್ರಗಳನ್ನು ಕಾರಿಗೆ ಹಾಕಿದ. ಕೀಲಿ ತಿರುಗಿಸಿದರೆ ನಾಲ್ಕೂ ಮೂವತ್ತೆರಡು. ಕಾರಿಗೆ ಏನೂ ಬದಲಾದ ಹಾಗೆ ಅನಿಸಲೇ ಇಲ್ಲ.

ಕಾರು ಕೊಂಡವನ ಜೊತೆ ಹೋಯಿತು, ನರ್ಸಮ್ಮ ತಂಗಿಯ ಊರಿಗೆ ಹೋದಳು. ಹೋಗುವ ಮುನ್ನ ಗಿಡಗಳನ್ನು ಮೇಷ್ಟ್ರ ಬಾಗಿಲಿಗೆ ಸಾಲಾಗಿ ಇಳಿಸಿ ಹೋಗಿದ್ದಳು.

ಒಂದು ಬೆಳಿಗ್ಗೆ ಅತ್ತಿಗೆ ಕಿಟಕಿಯಿಂದ ತಿರುಗದೆ ಹೇಳಿದರು, "ಕೆಳಗೆ ಮೋಟರ್ ಶುರುವಾಯ್ತು. ಹೋಗಿ ಬಾ."

"ಯಾಕೆ?"

"ಮೀಟರಿಲ್ಲದ ಪಂಪು ಕಣೆ. ಯಾರಾದ್ರೂ ಹೇಳಬೇಕಲ್ಲ."

ನಾದಿನಿ ಇಳಿದು ಹೋದಳು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ ಉಳಿದಿತ್ತು. ಗೋಡೆಯ ಆಚೆ ಮೇಷ್ಟ್ರು ಸೈಕಲ್ಲಿನ ಜೇಡ ಬಲೆ ಒರೆಸಿ, ಒಂದು ಮಂಡಿ ಚಾಚಿ ಕೂತು, ಪಂಪ್ ಒತ್ತುತ್ತಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ಕೂತು ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಎಷ್ಟಾಯ್ತು?" ಎಂದರು ಮೇಷ್ಟ್ರು ಏದುಸಿರಿನಲ್ಲಿ.

ಟೈರು ಗಟ್ಟಿಯಾಗೇ ಇತ್ತು. ಮೋಟರಿನ ಸದ್ದನ್ನು ಮೀರಿಸಿ ನಾದಿನಿ ಕೂಗಿ ಹೇಳಿದಳು, "ಇನ್ನೂ ಬೇಕು ಮೇಷ್ಟ್ರೇ."